ಅಂಗಡಿಯೊಳಗಿನ ಗಂಟೆ ಯಾರಿಗಾಗಿ?

ಇಂದು ಸಂಜೆ ಕಾರವಾರದ ಬಟ್ಟೆ ಮಳಿಗೆಯೊಂದರಲ್ಲಿ ಅಕ್ಕನೊಂದಿಗೆ ಸೀರೆ ನೋಡುತ್ತಿದ್ದಾಗ ಮೇಲಿನ ಸ್ಪೀಕರಿನಿಂದ ಗಂಟೆಯ ನಾದ ಎರಡು ಬಾರಿ ಕೇಳಿಸಿತು. ಅದರ ಹಿಂದೆ ಯಾವ ಪ್ರಕಟಣೆಯೂ ಬರಲಿಲ್ಲ, ಆದರೆ ಕೌಂಟರಿನ ಹುಡುಗಿಯೊಬ್ಬಳು ಮಡಚುತ್ತಿದ್ದ ಸೀರೆಯನ್ನು ಅಲ್ಲಿಯೇ ಬಿಟ್ಟು ಮಹಡಿ ಹತ್ತಿದಳು.

ಮೊಬೈಲ್ ಇಲ್ಲದ ಕಾಲದಲ್ಲಿ ಅಮೆರಿಕದ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳಲ್ಲಿ ಸಿಬ್ಬಂದಿಯನ್ನು ಕರೆಯುತ್ತಿದ್ದುದು ಇಂಥ ಗಂಟೆಗಳೇ. ಮ್ಯಾನೇಜರ್, ಕಾವಲಿನವರು, ದುರಸ್ತಿಯವರು ಹೀಗೆ ಒಬ್ಬೊಬ್ಬರಿಗೂ ಇಷ್ಟು ಹೊಡೆತ, ಇಷ್ಟು ಬಿಡುವು ಎಂದು ಗೊತ್ತುಮಾಡಿರುತ್ತಿದ್ದರು. ತಮ್ಮ ಸಂಕೇತ ಕೇಳಿದವರು ಹತ್ತಿರದ ಫೋನಿನಿಂದ ಆಪರೇಟರನ್ನು ವಿಚಾರಿಸುತ್ತಿದ್ದರು. ಎಲ್ಲೆಡೆಗೂ ಅನ್ವಯಿಸುವ ಒಂದೇ ಪಟ್ಟಿ ಇರಲಿಲ್ಲವಾದ್ದರಿಂದ ಗಿರಾಕಿಗಳಿಗೆ ಅದು ಒಗಟಾಗಿಯೇ ಉಳಿಯಿತು.

ನನಗೆ ಬಹಳ ಮೆಚ್ಚುಗೆಯಾದದ್ದು ಜಪಾನಿನ ಪದ್ಧತಿ. ಅಲ್ಲಿನ ಹಲವು ಮಳಿಗೆಗಳಲ್ಲಿ ಹೊರಗೆ ಮಳೆ ಶುರುವಾದೊಡನೆ ನಿಗದಿತ ರಾಗವೊಂದನ್ನು ನುಡಿಸುತ್ತಾರೆ. ಕಿಟಕಿಯಿಲ್ಲದ ಮಹಡಿಗಳಲ್ಲಿ ನಿಂತ ಸಿಬ್ಬಂದಿ ಅದನ್ನು ಕೇಳಿ, ಗಿರಾಕಿಯ ಕಾಗದದ ಚೀಲಕ್ಕೆ ಕೇಳದೆಯೇ ಪ್ಲಾಸ್ಟಿಕ್ ಹೊದಿಕೆ ಹಾಕಿಕೊಡುತ್ತಾರೆ. ಗಿರಾಕಿಗೆ ತಿಳಿಯದಂತೆ ಗಿರಾಕಿಗಾಗಿಯೇ ನಡೆಯುವ ಈ ಮಾತುಕತೆಯಲ್ಲಿ ನಿಜವಾದ ಅಕ್ಕರೆ ಇದೆ ಎಂದು ನನ್ನ ಭಾವನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಯ್ಯುವ ನಮ್ಮ ಕರಾವಳಿಯಲ್ಲಂತೂ ಮಳೆ ಬಿಟ್ಟಾಗ ನುಡಿಯುವ ರಾಗವೊಂದು ಬೇಕು. ಕೊಡೆ ಮರೆತು ಬಂದವರು ಆ ಬಿಡುವಿನಲ್ಲಿ ಬಸ್‌ಸ್ಟ್ಯಾಂಡ್ ಸೇರಿಕೊಳ್ಳಬಹುದು.