ಸಾಸ್ಕಟೂನಿನ ಲೈಲಾಕ್, ರಾಯಚೂರಿನ ದಾಸವಾಳ

ಮೇ ತಿಂಗಳಲ್ಲಿ ತಂಗಿ ಕೆನಡಾದ ಸಾಸ್ಕಟೂನ್‌ನಿಂದ ವಿಡಿಯೋ ಕಾಲ್ ಮಾಡಿದ್ದಳು. ಇಲ್ಲಿ ರಾಯಚೂರಲ್ಲಿ ರಾತ್ರಿ ಒಂಬತ್ತಾದರೂ ಗೋಡೆಯ ಬಿಸಿ ಆರಿರಲಿಲ್ಲ. ಅವಳು ಸ್ವೆಟರ್ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದಳು. "ಅಕ್ಕಾ, ಈ ಗಿಡ ಸತ್ತೇ ಹೋತು, ಕಿತ್ತು ಒಗೀಲೇನು?" ಅಂದಳು. ಹಿಂದಿನ ವರ್ಷ ನೆಟ್ಟ ಲೈಲಾಕ್, ಚಳಿನಾಡಿನ ಹೂಗಿಡ, ಈಗ ಬರೀ ಕಡ್ಡಿ.

ಕೀಳಬೇಡ, ಉಗುರಿನಿಂದ ತೊಗಟೆ ಕೆರೆದು ನೋಡು, ಒಳಗೆ ಹಸಿರಿದ್ದರೆ ಜೀವ ಇದೆ ಅಂದೆ. ತುದಿಯಲ್ಲಿ ಕೆರೆದಳು, ಒಣ ಕಂದು. ಒಂದು ಗೇಣು ಕೆಳಗೆ, ಮತ್ತೆ ಕಂದು. ಬುಡದ ಹತ್ತಿರ ಕೆರೆದಾಗ ಹೆಸರುಕಾಳಿನ ಹಸಿರು ಕಂಡಿತು. ಇಬ್ಬರೂ ಒಟ್ಟಿಗೆ ಕೂಗಿಬಿಟ್ಟೆವು!

ಅಲ್ಲಿ ಚಳಿ ಕೆಲವೊಮ್ಮೆ ಮೈನಸ್ 40ರ ತನಕ ಇಳಿಯುತ್ತದೆ. ಆದರೆ ಲೈಲಾಕ್, ಕ್ಯಾರಗಾನ, ಪೊಟೆಂಟಿಲ್ಲಾ, ಕೆಂಪು ಕಡ್ಡಿಯ ಡಾಗ್‌ವುಡ್ ಆ ಚಳಿ ತಡೆಯುವ ಗಿಡಗಳೇ. ಇದನ್ನು ಒಣಗಿಸಿದ್ದು ಬಾಯಾರಿಕೆ. ಸೆಪ್ಟೆಂಬರ್‌ನಲ್ಲೇ ನೀರು ನಿಲ್ಲಿಸಿದ್ದಳು, ಒಣ ಮಣ್ಣು ಹಾಗೇ ಹೆಪ್ಪುಗಟ್ಟಿತು, ಬೇರಿಗೆ ಕುಡಿಯಲು ಏನೂ ಸಿಗಲಿಲ್ಲ, ಮೇಲೆ ಒಣ ಗಾಳಿ ಕಡ್ಡಿಯಿಂದ ಇದ್ದಬದ್ದ ನೀರನ್ನೂ ಹೀರುತ್ತಲೇ ಇತ್ತು. ಸಾಲದ್ದಕ್ಕೆ ಆಗಸ್ಟ್‌ನಲ್ಲಿ ಗೊಬ್ಬರ ಹಾಕಿದ್ದಳು, ಅದರ ಎಳೆ ಚಿಗುರು ಬಲಿಯುವ ಮೊದಲೇ ಚಳಿಗೆ ಕರಕಾಯಿತು. ಜುಲೈ ಆದ ಮೇಲೆ ಗೊಬ್ಬರ ಬೇಡ ಅಂತ, ನಾನು ಅಲ್ಲಿಗೆ ಹೋಗಿದ್ದಾಗ ಪಕ್ಕದ ಮನೆಯ ಅಜ್ಜಿ ಹೇಳಿದ್ದರು. ಹಿಮ ಕಂಬಳಿ ಇದ್ದ ಹಾಗೆ ಅಂತಲೂ ಹೇಳಿ, ಅಂಗಳದ ಹಿಮವನ್ನೆಲ್ಲ ಗಿಡದ ಬುಡಕ್ಕೆ ಗೋರಿ ಹಾಕುತ್ತಿದ್ದರು. ಉಪ್ಪು ಹಾಕಿದ ರಸ್ತೆಯ ಹಿಮ ಮಾತ್ರ ಮುಟ್ಟುತ್ತಿರಲಿಲ್ಲ.

ನಮ್ಮದೂ ಅದೇ ಕಥೆ ಅಲ್ವಾ? ನಮ್ಮ ಹಿತ್ತಲು ಎರೆ ನೆಲ. ಏಪ್ರಿಲ್‌ನಲ್ಲಿ ಬಿರುಕಿನೊಳಗೆ ನನ್ನ ಬೆರಳು ಪೂರ್ತಿ ಇಳಿಯುತ್ತದೆ. ಮಣ್ಣು ಸೀಳಿದಾಗ ಎಳೆ ಬೇರು ಹರಿಯುತ್ತದೆ, ಬಿಸಿಗಾಳಿ ಒಳಗೇ ನುಗ್ಗುತ್ತದೆ. ದಾಸವಾಳಕ್ಕೆ ದಿನಾ ಸುಮ್ನೆ ಚಿಮುಕಿಸಿದರೆ ಏನೂ ಆಗಲ್ಲ. ನಾಲ್ಕು ದಿನಕ್ಕೊಮ್ಮೆ ಸಂಜೆ ಬುಡ ತುಂಬ ನೀರು ಬಿಡುತ್ತೇನೆ, ಮೇಲೆ ಭತ್ತದ ಹುಲ್ಲು ನಾಲ್ಕು ಬೆರಳು ದಪ್ಪ ಹಾಸುತ್ತೇನೆ. ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಹತ್ತುತ್ತದೆ. ಕಣಗಿಲೆಗೆ, ಕಾಗದದ ಹೂವಿಗೆ ಇಷ್ಟೆಲ್ಲ ಬೇಡ.

ಜೂನ್‌ನಲ್ಲಿ ಲೈಲಾಕ್ ಬುಡದಿಂದ ಮೂರು ಚಿಗುರು ಬಂದವು. ಆಮೇಲೇ ಒಣ ಕಡ್ಡಿ ಕತ್ತರಿಸಲು ಹೇಳಿದೆ. ಹೂವಿಗೆ ಇನ್ನೂ ಕೆಲವು ವರ್ಷ ಕಾಯಬೇಕು. ಈಗ ಅಕ್ಟೋಬರ್, ನಿನ್ನೆ ಪೈಪ್ ಹಿಡಿದು ಬುಡ ತೋಯಿಸಿದ ವಿಡಿಯೋ ಕಳಿಸಿದ್ದಾಳೆ. ಮೇಲಿನ ಮಣ್ಣಷ್ಟೇ ಕಪ್ಪಗಾಗಿತ್ತು. ಇನ್ನೂ ಎರಡು ಬಕೆಟ್ ಬಿಡು ಅಂದೆ.