ಬೆಳಿಗ್ಗೆ ಉಪನ್ಯಾಸ, ಮಧ್ಯಾಹ್ನ ವಾಲಿ

ಕರಾವಳಿಯ ಸಣ್ಣ ಕಾಲೇಜುಗಳಿಗೆ ಮಾರ್ಚ್ ಎಂದರೆ ಕಾರ್ಯಕ್ರಮಗಳ ಸುಗ್ಗಿ. ಆರ್ಥಿಕ ವರ್ಷ ಮುಗಿಯುವ ಮೊದಲು ಅನುದಾನ ಖರ್ಚಾಗಬೇಕು, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರಿಗೆ ತೋರಿಸಲು ಜಿಯೋಟ್ಯಾಗ್ ಇರುವ ಫೋಟೊ ಬೇಕು, ಇಂಟರ್ನಲ್ಸ್ ಶುರುವಾಗುವುದರೊಳಗೆ ಎಲ್ಲ ಮುಗಿದಿರಬೇಕು. ಹಾಗಾಗಿ ಒಂದೇ ದಿನಕ್ಕೆ ಎರಡೆರಡನ್ನು ಪೋಣಿಸುವುದು ರೂಢಿ. ಕಳೆದ ವರ್ಷ ನಮ್ಮಲ್ಲೂ ಹಾಗೇ ಆಯಿತು. ಹನ್ನೊಂದಕ್ಕೆ ವಿಶೇಷ ಉಪನ್ಯಾಸ, ಊಟವಾದ ಮೇಲೆ ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತುಗಳಲ್ಲೇ ನಡೆಸುವ ಯಕ್ಷಗಾನ. ಎರಡಕ್ಕೂ ಸಂಚಾಲಕ ನಾನು. ಪಾಠ ಮಾಡುವುದು ವಾಣಿಜ್ಯಶಾಸ್ತ್ರವಾದರೂ ಯಕ್ಷಗಾನದ ಹುಚ್ಚು ಉಂಟೆಂದು ಗೊತ್ತಾದ ದಿನದಿಂದ ಸಾಂಸ್ಕೃತಿಕ ಸಮಿತಿ ನನ್ನ ಕುತ್ತಿಗೆಗೇ ಬಿದ್ದಿದೆ.

ತಾಳಮದ್ದಳೆ ಮೂಲತಃ ಮಳೆಗಾಲದ್ದು. ದೀಪಾವಳಿಯ ಹೊತ್ತಿಗೆ ತಿರುಗಾಟಕ್ಕೆ ಹೊರಡುವ ಯಕ್ಷಗಾನ ಮೇಳಗಳು ಮೇ ಕೊನೆಯಲ್ಲಿ ತುಳುನಾಡಿನ ಪತ್ತನಾಜೆ ದಿನ ಬಂದಾಗ ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಹೊರಗೆ ಮಳೆ, ಒಳಗೆ ಜಾಗಟೆ, ಮದ್ದಳೆ, ಮಾತು. ಮಾರ್ಚ್‌ನಲ್ಲಿ ಬೇಕೆಂದರೆ ಪದ್ಯ ಹಾಡುವ ಭಾಗವತರು ಸಿಗುವುದೇ ಕಷ್ಟ. ನಮಗೆ ಸಿಕ್ಕವರು, "ಸಂಜೆ ಆರಕ್ಕೆ ನಾನು ಮೇಳದ ಚೌಕಿಯಲ್ಲಿರಬೇಕು ಮಾರಾಯ್ರೆ, ನಾಲ್ಕೂವರೆಗೆ ಮಂಗಳ ಹಾಡಿ ಎದ್ದುಬಿಡ್ತೇನೆ" ಎಂದು ಮೊದಲೇ ಹೇಳಿದ್ದರು. ಪದ್ಯಕ್ಕೆ ಮಾತು ಕಟ್ಟಿ ಪಾತ್ರವಾಗುವ ಅರ್ಥಧಾರಿಗಳದ್ದು ಆ ತೊಂದರೆ ಇಲ್ಲ. ಅವರಲ್ಲಿ ಹೆಚ್ಚಿನವರು ಮೇಷ್ಟ್ರು, ವಕೀಲರು, ಬ್ಯಾಂಕಿನವರು. ರಜೆ ಹಾಕಿದರಾಯಿತು.

ಬೆಳಗಿನ ವಿಷಯ 'ಪ್ರಜಾಪ್ರಭುತ್ವ ಮತ್ತು ಸಂವಾದ'. ಬಂದವರು ಓದಿಕೊಂಡವರು, ನಿವೃತ್ತ ಪ್ರಾಧ್ಯಾಪಕರು. ಪ್ರಾಸ್ತಾವಿಕಕ್ಕೆಂದು ನಾನೂ ಒಂದಿಷ್ಟು ಓದಿಕೊಂಡಿದ್ದೆ. ಪುಣೆಯಲ್ಲಿ ನ್ಯಾಯಮೂರ್ತಿ ರಾನಡೆ 1875ರಲ್ಲಿ ಶುರುಮಾಡಿದ ವಸಂತ ವ್ಯಾಖ್ಯಾನಮಾಲೆ, 1890ರಲ್ಲಿ ಹುಟ್ಟಿದ ಧಾರವಾಡದ ವಿದ್ಯಾವರ್ಧಕ ಸಂಘ, ಹಳ್ಳಿಗಳಿಗೆ ಮೇಷ್ಟ್ರುಗಳನ್ನೇ ಕಳಿಸಿದ ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ. ಪುಸ್ತಕ ದುಬಾರಿಯಾಗಿದ್ದ, ರೇಡಿಯೊ ಇಲ್ಲದ ಕಾಲದಲ್ಲಿ ಹೊಸ ವಿಚಾರವೊಂದು ಊರಿಗೆ ಬರುತ್ತಿದ್ದದ್ದು ಒಬ್ಬ ಮನುಷ್ಯನ ಬಾಯಿಂದ. ಜನ ಕೇಳಲು ಬರುತ್ತಿದ್ದರು, ಕೇಳಿ ಜಗಳವನ್ನೂ ಆಡುತ್ತಿದ್ದರು. ಇಷ್ಟನ್ನೂ ಹೇಳಬೇಕೆಂದಿದ್ದೆ. ಪ್ರಾರ್ಥನೆ, ಸ್ವಾಗತ, ಗಿಡಕ್ಕೆ ನೀರೆರೆಯುವುದು, ಶಾಲು, ಹಾರ, ಅತಿಥಿಗಳ ಪರಿಚಯ ಎಲ್ಲ ಮುಗಿಯುವಾಗ ನನ್ನ ಪಾಲಿಗೆ ಎರಡು ನಿಮಿಷ ಉಳಿದಿತ್ತು.

ಉಪನ್ಯಾಸ ಕೆಟ್ಟದಾಗಿರಲಿಲ್ಲ. ಇದನ್ನು ಹೇಳಲೇಬೇಕು. ಒಳ್ಳೆಯ ಭಾಷೆ, ಒಳ್ಳೆಯ ಉದಾಹರಣೆ. ಆದರೆ ಒಂದು ಗಂಟೆಗೂ ಮಿಕ್ಕಿ ಸಂವಾದದ ಬಗ್ಗೆ ಒಬ್ಬರೇ ಮಾತಾಡಿದರು. ಅಟೆಂಡೆನ್ಸ್ ಉಂಟು ಎಂದು ಹೆದರಿಸಿ ಕೂರಿಸಿದ ಮಕ್ಕಳು ಮೇಲೆ ಫ್ಯಾನ್ ನೋಡುತ್ತಿದ್ದರು, ಕೆಳಗೆ ಮೊಬೈಲು. ಮೂರನೇ ಸಾಲಿನ ಹುಡುಗನೊಬ್ಬ ಕೊನೆಯಲ್ಲಿ ಕೈಯೆತ್ತಿದ. ಅಷ್ಟರಲ್ಲಿ ನಿರೂಪಕಿ, "ಸಮಯದ ಅಭಾವದಿಂದ ಪ್ರಶ್ನೋತ್ತರವನ್ನು ಕೈಬಿಟ್ಟು ವಂದನಾರ್ಪಣೆಗೆ ಹೋಗೋಣ" ಎಂದಳು. ಕೈ ಇಳಿಯಿತು. ನಾವು ಬರೆದುಕೊಟ್ಟದ್ದನ್ನೇ ಅವಳು ಓದಿದ್ದು, ಪಾಪ.

ಎರಡು ಗಂಟೆಗೆ ಅದೇ ಸಭಾಂಗಣ, ಅದೇ ಸೆಕೆ. ಅಟೆಂಡೆನ್ಸ್ ಇಲ್ಲವೆಂದು ಪ್ರಾಂಶುಪಾಲರೇ ಹೇಳಿಬಿಟ್ಟಿದ್ದರಿಂದ ಅರ್ಧಕ್ಕರ್ಧ ಮಕ್ಕಳು ಗೇಟು ದಾಟಿದ್ದರು. ಖಾಲಿ ಕುರ್ಚಿಗಳಿಗೆ ಪೇಟೆಯ ಜನ ಬಂದು ಕೂತರು: ಜೆರಾಕ್ಸ್ ಅಂಗಡಿಯವರು, ಸೊಸೈಟಿಯ ಗುಮಾಸ್ತರು, ಅಡಕೆ ಸುಲಿಯುವ ಕೆಲಸ ಬಿಟ್ಟು ಬಂದ ಇಬ್ಬರು ಅಜ್ಜಂದಿರು. ಪ್ರಸಂಗ 'ವಾಲಿಮೋಕ್ಷ'. ಕುಂಬಳೆಯ ಪಾರ್ತಿಸುಬ್ಬನ ಹೆಸರಲ್ಲಿ ನಡೆದುಬಂದ ರಾಮಾಯಣದ ಪದ್ಯಗಳು. ಪದ್ಯ ಮೊದಲೇ ಬರೆದಿಟ್ಟದ್ದು, ಅರ್ಥ ಮಾತ್ರ ಆ ಕ್ಷಣದ್ದು. ಭಾಗವತರು ಹಾಡಿ ನಿಲ್ಲಿಸಿದ ಮೇಲೆ ಅರ್ಥಧಾರಿ ಏನು ಹೇಳುತ್ತಾನೆಂದು ಎದುರಿಗೆ ಕೂತವನಿಗೂ ಗೊತ್ತಿರುವುದಿಲ್ಲ.

ವಾಲಿ ತಾಲೂಕಿನ ವಕೀಲರೊಬ್ಬರು, ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಕ್ಯಾಸೆಟ್ ಕೇಳಿ ಬೆಳೆದವರು. ರಾಮ ಹೈಸ್ಕೂಲಿನ ಮೇಷ್ಟ್ರು. ತಾರೆಯಾಗಿ ನಮ್ಮದೇ ಅಂತಿಮ ಬಿ.ಎ. ಹುಡುಗಿ. ಅವಳಿಗೆ ಮೊದಲ ಕೂಟ. ಮೈಕಿನ ಸ್ಟ್ಯಾಂಡನ್ನು ಹಿಡಿದ ಕೈ ಬಿಡಲೇ ಇಲ್ಲ. ಈಗಷ್ಟೇ ಹೊಡೆತ ತಿಂದು ಓಡಿದ ಸುಗ್ರೀವ ಮತ್ತೆ ಬಂದು ಗರ್ಜಿಸುತ್ತಾನೆಂದರೆ ಬೆನ್ನಿಗೆ ಯಾರೋ ಇದ್ದಾರೆ, ದಶರಥನ ಮಕ್ಕಳಿಬ್ಬರು ಕಾಡಿಗೆ ಬಂದ ಸುದ್ದಿಯನ್ನು ಅಂಗದ ತಂದಿದ್ದಾನೆ, ಇವತ್ತು ಹೋಗಬೇಡ ಎಂದು ಕಲಿತದ್ದನ್ನು ಒಪ್ಪಿಸಿದಳು. ವಕೀಲರು ಸುಮ್ಮನೆ ಬಿಡುವವರಲ್ಲ.

"ಹೆಂಡತಿಯ ಮಾತು ಕೇಳಿ ಯುದ್ಧಕ್ಕೆ ಹಿಂಜರಿದವ ವಾಲಿ ಎಂದು ನಾಳೆ ಕಿಷ್ಕಿಂಧೆ ಆಡಿಕೊಳ್ಳುವುದಿಲ್ಲವೆ?"

ಇದು ಅವಳ ಪುಸ್ತಕದಲ್ಲಿ ಇರಲಿಲ್ಲ. ಒಮ್ಮೆ ಭಾಗವತರ ಮುಖ ನೋಡಿದಳು. "ಕೇಳದೆ ಹೋಗಿ ಸತ್ತವ ಎಂದು ಆಡಿಕೊಳ್ಳುವುದಕ್ಕಿಂತ ಅದು ವಾಸಿ, ಪ್ರಭು."

ಹಿಂದಿನ ಸಾಲಿನ ಹುಡುಗರು ಮೇಜು ಕುಟ್ಟಿದರು. ವಕೀಲರೂ ನಕ್ಕುಬಿಟ್ಟರು. ನಗುತ್ತಲೇ ವಾಲಿಯಾಗಿ ಯುದ್ಧಕ್ಕೆ ಹೊರಟರು.

ರಾಮ ಮರೆಯಿಂದ ಬಿಟ್ಟ ಬಾಣ ವಾಲಿಗೆ ಬಿದ್ದ ಮೇಲಿನ ಭಾಗವೇ ಈ ಪ್ರಸಂಗದ ಜೀವ. ವಾಲ್ಮೀಕಿಯಲ್ಲಿ ಇದು ಕಿಷ್ಕಿಂಧಾಕಾಂಡದ 17 ಮತ್ತು 18ನೇ ಸರ್ಗ. ಮೊದಲನೆಯದರಲ್ಲಿ ವಾಲಿಯ ಆರೋಪ, ಎರಡನೆಯದರಲ್ಲಿ ರಾಮನ ಉತ್ತರ. ಬೇರೊಬ್ಬನೊಡನೆ ಹೋರಾಡುತ್ತಿದ್ದವನನ್ನು ಕೊಂದದ್ದು ಯಾವ ಕ್ಷತ್ರಿಯಧರ್ಮ? ನಿನ್ನ ನಾಡಿಗೆ ನಾನೇನು ಕೇಡು ಮಾಡಿದ್ದೆ? ಚರ್ಮಕ್ಕೂ ಮಾಂಸಕ್ಕೂ ಬರದ ಕಪಿಯನ್ನು ಕೊಂದು ಏನು ಪಡೆದೆ? ನನ್ನನ್ನೇ ಕೇಳಿದ್ದರೆ ಒಂದೇ ದಿನದಲ್ಲಿ ಸೀತೆಯನ್ನು ತಂದೊಪ್ಪಿಸುತ್ತಿದ್ದೆನಲ್ಲ! ರಾಮನಾದ ಮೇಷ್ಟ್ರು ಒಂದೊಂದಕ್ಕೂ ಉತ್ತರ ಕೊಟ್ಟರು. ಈ ಭೂಮಿ ಇಕ್ಷ್ವಾಕುಗಳದ್ದು, ಭರತನ ಆಜ್ಞೆ ಇಲ್ಲಿಗೂ ಸಲ್ಲುತ್ತದೆ. ತಮ್ಮ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ಇಟ್ಟುಕೊಂಡವನಿಗೆ ದಂಡನೆ ಇದೇ. ಸ್ವರ ಸಣ್ಣದು, ಆವೇಶವಿಲ್ಲ. ಇವರು ವಕೀಲರೆದುರು ತಡೆಯುವುದಿಲ್ಲವೆಂದೇ ನಾವೆಲ್ಲ ಅಂದುಕೊಂಡೆವು.

ಆಗ ವಾಲಿ ಕೋರ್ಟಿನ ಪಟ್ಟು ಹಾಕಿದ. "ದಂಡನೆ ಎಂದೆ. ವಿಚಾರಣೆ ಎಲ್ಲಿ ನಡೆಯಿತು ರಾಮ? ದೂರು ಕೊಟ್ಟವನ ಮಾತನ್ನಷ್ಟೇ ಕೇಳಿ ತೀರ್ಪು ಕೊಡುವುದು ಅಯೋಧ್ಯೆಯ ಪದ್ಧತಿಯೋ?"

ಮೇಷ್ಟ್ರು ತಡವರಿಸಿದರು. ಬಾಯಿ ತೆರೆದರು, ಮುಚ್ಚಿದರು. ಭಾಗವತರು ಮುಂದಿನ ಪದ್ಯಕ್ಕೆ ಹೋಗದೆ, ಹಾಡಿದ್ದ ಪದ್ಯದ ಕೊನೆಯ ಸಾಲನ್ನೇ ನಿಧಾನಕ್ಕೆ ಇನ್ನೊಮ್ಮೆ ಎತ್ತಿದರು. ಮದ್ದಳೆಯವರೂ ಎಳೆದು ನುಡಿಸಿದರು. ಒಳ್ಳೆಯ ಹಿಮ್ಮೇಳ ಅರ್ಥಧಾರಿಯನ್ನು ಕಾಯುವುದು ಹೀಗೆ. ಯೋಚಿಸಲು ಅಷ್ಟು ಹೊತ್ತು ಸಿಕ್ಕಿತು.

"ಸರಿ ವಾಲಿ, ವಿಚಾರಣೆ ಬೇಕಿತ್ತು. ಅಂದು ಮಾಯಾವಿಯನ್ನು ಕೊಂದು ಬಿಲದಿಂದ ನೀನು ಹೊರಗೆ ಬಂದೆ. ಸುಗ್ರೀವ ನಿನ್ನ ಕಾಲು ಹಿಡಿದು, ಅಣ್ಣ ಒಂದು ಮಾತು ಕೇಳು ಎಂದ. ನೀನು ಕೇಳಿದೆಯಾ?"

ವಕೀಲರು ಉತ್ತರಿಸಲಿಲ್ಲ. ಉತ್ತರ ಇರಲಿಲ್ಲವೆಂದಲ್ಲ, ಅವರಲ್ಲಿ ಇನ್ನೂ ಹತ್ತು ಉತ್ತರ ಇದ್ದಾವು. ಆದರೆ ಸೋಲಬೇಕಾದ ಜಾಗ ಗೊತ್ತಿರುವವನೇ ದೊಡ್ಡ ಅರ್ಥಧಾರಿ. ಅಜ್ಜಂದಿರಲ್ಲಿ ಒಬ್ಬರು "ಹಾಂ!" ಎಂದದ್ದು ಇಡೀ ಸಭಾಂಗಣಕ್ಕೆ ಕೇಳಿತು.

ನಾಲ್ಕೂವರೆಗೆ ಮಂಗಳವಾಯಿತು, ಭಾಗವತರು ಚಹಾ ಕೂಡ ಕುಡಿಯದೆ ಓಡಿದರು. ಕೆಲವರು ಬಸ್ಸು ತಪ್ಪಿಸಿಕೊಂಡು ಮೆಟ್ಟಿಲ ಮೇಲೆ ಗುಂಪುಕಟ್ಟಿ ವಾದಿಸುತ್ತಿದ್ದರು. ಬೆಳಿಗ್ಗೆ ಕೈಯೆತ್ತಿದ್ದ ಹುಡುಗನೂ ಅಲ್ಲಿದ್ದ. "ಮರೆಯಿಂದ ಹೊಡೆದದ್ದಕ್ಕೆ ರಾಮ ಉತ್ತರ ಕೊಡಲೇ ಇಲ್ಲ ಸರ್, ಮಾತು ತಿರುಗಿಸಿದ್ದು" ಎಂದು ನನ್ನನ್ನೇ ಹಿಡಿದುಕೊಂಡ. ನನಗೂ ಹಾಗೇ ಅನಿಸಿತ್ತು.

ತಾಳಮದ್ದಳೆಯನ್ನು ಅಟ್ಟಕ್ಕೇರಿಸಲು ಇದನ್ನು ಬರೆಯುತ್ತಿಲ್ಲ. ಒಂದು ಪದ್ಯಕ್ಕೆ ಮುಕ್ಕಾಲು ಗಂಟೆ ಕೊರೆದು ಎದುರಿನವರಿಗೆ ಬಾಯಿ ಬಿಡಲು ಕೊಡದ ಅರ್ಥಧಾರಿಗಳನ್ನೂ ಕಂಡಿದ್ದೇನೆ. ಸಂವಿಧಾನದ ಬಗ್ಗೆ, ತೆರಿಗೆಯ ಬಗ್ಗೆ ಹೊಸತನ್ನು ತಿಳಿಯಬೇಕಾದರೆ ಉಪನ್ಯಾಸವೇ ಬೇಕು, ವಾಲಿ ಅದನ್ನು ಹೇಳಲಾರ. ಆದರೂ ನಮ್ಮ ವೇದಿಕೆಗಳಲ್ಲಿ ಉಪನ್ಯಾಸಕನಿಗೆ ಎದುರಾಳಿಯೇ ಇಲ್ಲ. ಅವರು ಹೇಳಿದ್ದಕ್ಕೆ "ಅದು ಹೇಗೆ?" ಎನ್ನಲು ಯಾರನ್ನೂ ನಾವು ಕೂರಿಸುವುದಿಲ್ಲ. ಕೈಯೆತ್ತಿದವನನ್ನೂ ಕೂರಿಸುತ್ತೇವೆ.

ಈ ಸಲದ ಕ್ರಿಯಾಯೋಜನೆಯಲ್ಲಿ ನಾನು ಒಂದು ಸಾಲು ಬದಲಿಸಿದ್ದೇನೆ: ವಿಶೇಷ ಉಪನ್ಯಾಸಕ್ಕೆ ಇಬ್ಬರು, ಒಂದೇ ವಿಷಯ, ಬೇರೆ ಬೇರೆ ಅಭಿಪ್ರಾಯದವರು, ಎದುರುಬದುರು ಕುರ್ಚಿ. ಹಾರ, ಶಾಲು ಕೊನೆಗೆ. ಪ್ರಾಂಶುಪಾಲರು ಕನ್ನಡಕ ಮೇಲೇರಿಸಿ ಓದಿದರು. "ಐಡಿಯಾ ಒಳ್ಳೇದುಂಟು. ಆದರೆ ಎರಡನೆಯವರ ಟಿಎ ಯಾವ ಹೆಡ್‌ನಲ್ಲಿ ತೋರಿಸ್ತೀರಿ?"

ಕ್ರೀಡಾ ನಿಧಿಯಲ್ಲಿ ಎಂದೆ.