ನಾನು "ಆರಾಮಿದ್ದಾರೆ" ಅಂತ ಬರೆದ ರಾತ್ರಿ

ಶಿರಸಿ ಕಡೆ ಒಂದು ಆಸ್ಪತ್ರೆಯ ಆರ್ಥೋ (ಮೂಳೆ) ವಾರ್ಡಲ್ಲಿ ಸ್ಟಾಫ್ ನರ್ಸ್ ನಾನು, ಒಂಬತ್ತು ವರ್ಷ ಆಯ್ತು. ಮಳೆಗಾಲ ಹಿಡೀತು ಅಂದ್ರೆ ಅಂಗಳದಲ್ಲಿ ಪಾಚಿ ಕಟ್ಟತ್ತೆ, ಕೊಟ್ಟಿಗೆಗೆ ಹೋಗ್ತಾ ಬಚ್ಚಲಿಗೆ ಹೋಗ್ತಾ ಜಾರಿ ಬಿದ್ದು ಸೊಂಟದ ಹತ್ರ ತೊಡೆಮೂಳೆ ಮುರ್ಕೊಂಡ ಅಜ್ಜ ಅಜ್ಜಿಯರು ಒಬ್ರ ಹಿಂದೆ ಒಬ್ರು ಬರ್ತಾರೆ. ಮನೆಯವ್ರಿಗೆ ಭಯ ಎಲ್ಲ ಆಪರೇಷನ್ ಬಗ್ಗೆ, "ಈ ವಯಸ್ಸಲ್ಲಿ ತಡ್ಕೋತಾರಾ ಸಿಸ್ಟರ್" ಅಂತಾರೆ. ನಾವು ಹೆದರೋದು ಆಮೇಲಿನ ವಾರಕ್ಕೆ. ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟೋದು, ಬೆನ್ನು ಹಿಮ್ಮಡಿ ಹುಣ್ಣಾಗೋದು, ಮತ್ತೆ ಡೆಲಿರಿಯಂ, ಅಂದ್ರೆ ಇದ್ದಕ್ಕಿದ್ದಂಗೆ ಬುದ್ಧಿ ಮಂಕಾಗೋದು.

ಆ ಅಜ್ಜಿಗೆ 78. ಮೂಳೆ ಮುರಿದಿದ್ದಕ್ಕೆ ಸೊಂಟದ ಅರ್ಧ ಕೀಲು ಬದಲಾಯ್ಸಿದ್ರು. ಮರುದಿನವೇ ವಾಕರ್ ಹಿಡ್ಕೊಂಡು ನಿಂತು, ನನ್ನ ನೋಡಿ "ಊಟ ಆತನೇ ತಂಗಿ" ಅಂತ ಕೇಳಿದ್ರು. ಮೂರನೇ ರಾತ್ರಿ ನನ್ನ ಡ್ಯೂಟಿ. ಪಕ್ಕದ ವಾರ್ಡಲ್ಲಿ ಒಬ್ಬ ಅಜ್ಜ ಡ್ರಿಪ್ ಕಿತ್ತು ಕೂಗಾಡ್ತಿದ್ರು, ಎಲ್ರೂ ಅಲ್ಲೇ. ಈ ಅಜ್ಜಿ ನೋವು ಅನ್ಲಿಲ್ಲ, ನೀರು ಕೇಳ್ಲಿಲ್ಲ, ಕಣ್ಣು ಅರ್ಧ ಮುಚ್ಚಿ ಮಲಗಿದ್ರು. ಹಿಂದಿನ ದಿನ ಕ್ಯಾತಿಟರ್ (ಮೂತ್ರದ ಟ್ಯೂಬ್) ತೆಗೆದಿದ್ರು, ಪ್ಯಾಡ್ ಒದ್ದೆ ಇತ್ತು, ಮೂತ್ರ ಹೋಗ್ತಿದೆ ಅಂದ್ಕೊಂಡೆ. ನೋಟ್ಸಲ್ಲಿ "ಆರಾಮಿದ್ದಾರೆ" ಅಂತ ಬರೆದೆ.

ಬೆಳಿಗ್ಗೆ ಸೊಸೆ ಬಂದು ಎರಡು ನಿಮಿಷ ನಿಂತ್ಕೊಂಡು ನೋಡಿ, "ಸಿಸ್ಟರ್, ನಮ್ಮತ್ತೆ ಹಿಂಗೆ ಸುಮ್ನಿರೋರೇ ಅಲ್ಲ" ಅಂದ್ರು. ಆಗ ಕೈ ನೋಡಿದೆ. ಹೊದಿಕೆ ಅಂಚನ್ನ ಬೆರಳಲ್ಲಿ ಎಳೀತಾ ಬಿಡ್ತಾ, ಅಡಿಕೆ ಸುಲಿಯೋ ಹಾಗೆ, ನಿಲ್ಲಿಸ್ತಾನೇ ಇರ್ಲಿಲ್ಲ. ಹೊಕ್ಕಳ ಕೆಳಗೆ ಕೈ ಇಟ್ರೆ ಗಟ್ಟಿ. ಟ್ಯೂಬ್ ಹಾಕಿದ್ರೆ 800 ಎಂಎಲ್ ಬಂತು. ಪ್ಯಾಡ್ ಒದ್ದೆ ಆಗಿದ್ದು ಮೂತ್ರಚೀಲ ತುಂಬಿ ಹೊರಗೆ ಸೋರಿದ್ದು ಅಷ್ಟೇ. ರಕ್ತ ಕಳಿಸಿದ್ರೆ ಸೋಡಿಯಂ ಕಮ್ಮಿ, ನೋವಿನ ಮಾತ್ರೆಯಿಂದ ಮೂರು ದಿನ ಮಲ ಹೋಗಿಲ್ಲ, ಕನ್ನಡಕ ಚೀಲದೊಳಗೆ. ಒಂದೊಂದೇ ನೋಡಿದ್ರೆ ಸಣ್ಣದು, ಒಟ್ಟಿಗೆ ಸೇರಿ ಅಜ್ಜೀನ ಎಲ್ಲಿಗೋ ಕರ್ಕೊಂಡು ಹೋಗಿದ್ವು. ಕೂಗಾಡೋ ಡೆಲಿರಿಯಂ ಎಲ್ರಿಗೂ ಕಾಣತ್ತೆ. ಈ ಅಜ್ಜಿಗಾದಂಗೆ ಸುಮ್ನಾಗ್ಸೋ ಡೆಲಿರಿಯಂ ಕಣ್ತಪ್ಪಿ ಹೋಗತ್ತೆ, ವಯಸ್ಸಾದವ್ರಲ್ಲಿ ಅದೇ ಜಾಸ್ತಿ. ಹಾಗೆ ಮಂಪರಲ್ಲಿ ಮಲಗಿದ್ರೆ ಊಟ ಇಲ್ಲ, ಕೂರೋದಿಲ್ಲ, ಎದೇಲಿ ಕಫ ಕಟ್ಟತ್ತೆ, ಹಿಮ್ಮಡಿ ಕೆಂಪಾಗತ್ತೆ (ಬೆರಳಲ್ಲಿ ಒತ್ತಿ ಬಿಟ್ಟಾಗ ಕೆಂಪು ಬಿಳಿಚಿಕೊಳ್ಳದೇ ಹಾಗೇ ಇದ್ರೆ ಹುಣ್ಣು ಶುರು ಅಂತಲೇ).

ಅಜ್ಜಿ ಸರಿಯಾಗೋಕೆ ಆರು ದಿನ ಹಿಡೀತು. ಆ ದಿನಗಳು ಅವ್ರಿಗೆ ಈಗ್ಲೂ ನೆನಪಿಲ್ಲ ಅಂತ ಸೊಸೆ ಹೇಳಿದ್ರು.

ಅವತ್ತಿಂದ ಅಡ್ಮಿಷನ್ ದಿನವೇ ಮನೆಯವ್ರನ್ನ ಕೂರಿಸ್ಕೊಂಡು ಕೇಳ್ತೀನಿ, ಮನೇಲಿ ಹೆಂಗಿರ್ತಾರೆ, ಮಾತು ಜಾಸ್ತಿನಾ, ಕಿವಿ ಕೇಳತ್ತಾ, ರಾತ್ರಿ ಎಷ್ಟು ಸಲ ಏಳ್ತಾರೆ, ಎಲ್ಲಾ ಚಾರ್ಟಲ್ಲಿ ಬರೀತೀನಿ. ಗಮನ ಇದ್ಯಾ ನೋಡೋಕೆ ತಿಂಗಳ ಹೆಸ್ರನ್ನ ಕೊನೆಯಿಂದ ಹಿಂದಕ್ಕೆ ಹೇಳ್ಸೋ ಟೆಸ್ಟ್ ಇದೆ, ಡಿಸೆಂಬರ್ ನವೆಂಬರ್ ಅಂದ್ರೆ ನಮ್ಮ ಕಡೆ ಎಷ್ಟೋ ಅಜ್ಜಿಯರಿಗೆ ಚೆನ್ನಾಗಿದ್ದಾಗ್ಲೂ ಬರಲ್ಲ, ಅವ್ರಿಗೆ ಫಾಲ್ಗುಣದಿಂದ ಶುರು ಮಾಡಿ ಅಂತೀನಿ, ಫಾಲ್ಗುಣ ಮಾಘ ಪುಷ್ಯ ಅಂತ ಸರಸರ ಹೇಳಿದ್ರೆ ನನ್ಗೆ ಜೀವ ಬಂದಂಗಾಗತ್ತೆ. ನಿದ್ದೆ ಕೆಟ್ರೂ ಡೆಲಿರಿಯಂ ಬರತ್ತೆ, ಅದ್ಕೆ ನಡುರಾತ್ರಿ ಸುಮ್ನೆ ಎಬ್ಬಿಸಲ್ಲ. ಒಂಬತ್ತಕ್ಕೆ ಲೈಟ್ ಆರಿಸೋ ಮುಂಚೆ ಒಂದ್ಸಲ, ಬೆಳಕು ಹರಿದ ಮೇಲೆ ಒಂದ್ಸಲ, ಕನ್ನಡಕ ಹಾಕ್ಸಿ, ಹೆಸ್ರು ಹಿಡಿದು ಮಾತಾಡ್ಸಿ, ಹೊಟ್ಟೆ ಮುಟ್ಟಿ ನೋಡಿದ್ಮೇಲೆನೇ ನೋಟ್ಸ್ ಬರೆಯೋದು.